ಗೀರಿಲ್ಲದ ಕೋವಿ

1/7
ಜಾಲಹಳ್ಳಿ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದು ಪೀಣ್ಯ ಕಡೆ ನಡೀತಿದ್ದೀರಿ ಅಂದ್ಕೊಳ್ಳಿ. ಎಲ್ಲಿ ನೋಡಿದ್ರೂ ಶೆಡ್‌ಗಳು, ಲೇತ್ ಸದ್ದು, ಕಟಿಂಗ್ ಆಯಿಲ್ ವಾಸನೆ. ಇಲ್ಲೇ ಹತ್ತಿರದಲ್ಲಿ ಚಿರತೆಯೊಂದು ಊರನ್ನೇ ನಡುಗಿಸಿತ್ತು ಅಂದ್ರೆ ನಂಬ್ತೀರಾ? ಕೆನೆತ್ ಆಂಡರ್ಸನ್ ಅವರ ಮೊದಲ ಪುಸ್ತಕದಲ್ಲೇ (1954) ಆ ಕಥೆ ಇದೆ. ತೇಜಸ್ವಿ ಅದನ್ನ 'ಜಾಲಹಳ್ಳಿಯ ಕುರ್ಕ' ಅಂತ ಕನ್ನಡಕ್ಕೆ ತಂದ್ರು.

ಆಂಡರ್ಸನ್ ಕೈಯಲ್ಲಿ ಇರ್ತಿದ್ದದ್ದು .405 ವಿಂಚೆಸ್ಟರ್ ರೈಫಲ್. ಅವರ ಕಥೆಗಳಲ್ಲಿ ಬರೋ ಹಳ್ಳಿಯವರ ಕೈಯಲ್ಲಿ? ಬಾಯಿಂದ ಮದ್ದು ತುಂಬೋ ಹಳೇ ಕೋವಿ. ನಾನು ಹೇಳೋಕೆ ಹೊರಟಿರೋದು ಈ ಎರಡನೇ ಕೋವಿಯ ಕಥೆ. ಅವರು ಯಾಕೆ ಅದನ್ನೇ ಆರಿಸಿಕೊಂಡ್ರು? ನಿಜವಾಗ್ಲೂ ಆರಿಸಿಕೊಂಡ್ರಾ? 👉

2/7
ಮೊದಲು ಅದು ಹೇಗೆ ಕೆಲಸ ಮಾಡ್ತಿತ್ತು ಅಂತ ನೋಡೋಣ. ನಳಿಗೆಯ ಬಾಯಿಂದ ಮದ್ದು ಸುರೀಬೇಕು. ಮೇಲೆ ನಾರನ್ನೋ ಬಟ್ಟೆಯನ್ನೋ ತುರುಕಿ, ಉದ್ದ ಕೋಲಿಂದ ಜಡೀಬೇಕು. ಆಮೇಲೆ ಗುಂಡು ಅಥವಾ ಚರೆ. ಅದು ಉದುರದ ಹಾಗೆ ಮತ್ತೆ ನಾರು. ಕೊನೆಗೆ ಹಿಂದುಗಡೆ ಒಂದು ಪುಟ್ಟ ತಾಮ್ರದ ಕೇಪು. ಕುದುರೆ ಎಳೆದ್ರೆ ಸುತ್ತಿಗೆ ಕೇಪಿಗೆ ಬಡಿದು, ಕಿಡಿ ಒಳಗೆ ಹೋಗಿ, ಢಂ! ಕಣ್ಣ ಮುಂದೆ ಬರೀ ಹೊಗೆ.

ಸಿಗೋದು ಒಂದೇ ಈಡು. ಗುರಿ ತಪ್ಪಿದ್ರೆ ಇಡೀ ಕೆಲಸ ಮೊದಲಿಂದ. ಎದುರಿಗೆ ಗಾಯಗೊಂಡ ಹಂದಿ ಇದ್ರೆ ಅಷ್ಟು ಹೊತ್ತು ಅದು ಕಾಯುತ್ತಾ?

ಕೇಪಿಗೂ ಮೊದಲು ಚಕಮಕಿ ಕಲ್ಲಿನ ಕೋವಿ ಇತ್ತು. ಅದರ ಕಿಡಿ ಹತ್ತಿಸೋ ಮದ್ದು ಹೊರಗೆ ಬಟ್ಟಲಲ್ಲಿ ಇರ್ತಿತ್ತು, ಮಲೆನಾಡಿನ ಮಳೆಗೆ ನೆನೆದ್ರೆ ಮುಗೀತು. ಹಾಗಾಗಿ ಬೇಟೆಗಾರನಿಗೆ ಕೇಪು ದೊಡ್ಡ ವರ.

3/7
ಈಗ ಅಳತೆ. ಪೀಣ್ಯದಲ್ಲಿ ಬೋರ್ ಅಂದ್ರೆ ಒಳವ್ಯಾಸ, ಮಿಲಿಮೀಟರ್ ಲೆಕ್ಕ. ಕೋವಿಯ ಹಳೇ ಲೆಕ್ಕವೇ ಬೇರೆ. ಒಂದು ಪೌಂಡ್ (ಸುಮಾರು 454 ಗ್ರಾಂ) ಸೀಸದಿಂದ ನಳಿಗೆಗೆ ಸರಿಹೊಂದೋ ಎಷ್ಟು ಗುಂಡು ಮಾಡಬಹುದೋ ಅದೇ ಬೋರ್.

▪️12 ಬೋರ್: ಒಂದು ಗುಂಡು ಸುಮಾರು 38 ಗ್ರಾಂ, ವ್ಯಾಸ 18.5 ಮಿ.ಮೀ.
▪️4 ಬೋರ್: ಒಂದು ಗುಂಡು ಸುಮಾರು 113 ಗ್ರಾಂ. ಇದು ಆನೆಗೆ!

ಅದಕ್ಕೇ ನಂಬರ್ ಚಿಕ್ಕದಾದಷ್ಟೂ ಕೋವಿ ದೊಡ್ಡದು. ಇನ್ನೊಂದು ಮಜಾ ಇದೆ: ವ್ಯಾಸ ಎರಡು ಪಟ್ಟಾದ್ರೆ ಗುಂಡಿನ ತೂಕ ಎಂಟು ಪಟ್ಟಾಗುತ್ತೆ. ಗೋಲದ ಘನಫಲ ನೆನಪಿದೆ ತಾನೆ? ದುಂಡನೆ ಗುಂಡಿಗೆ ವೇಗ ಬೇಗ ಇಳಿದುಹೋಗುತ್ತೆ. ಹಾಗಾಗಿ ದೊಡ್ಡ ಪ್ರಾಣಿ ಬೇಕಂದ್ರೆ ಆಗಿನವರಿಗೆ ಇದ್ದ ನೇರ ದಾರಿ ದಪ್ಪ ಗುಂಡು.

4/7
ಅಮೆರಿಕದಲ್ಲಿ ಇವತ್ತಿಗೂ ಹಳೇ ಶೈಲಿಯ ಇಂಥ ರೈಫಲ್ ಹಿಡಿದು ಬೇಟೆಗೆ ಹೋಗೋರಿದ್ದಾರೆ. ಅಳಿಲಿಗೆ .32 ಅಥವಾ .36, ಜಿಂಕೆಗೆ .50, ಇನ್ನೂ ದೊಡ್ಡದಕ್ಕೆ .54 ಅಂತ ಆರಿಸ್ಕೊಳ್ತಾರೆ. ಪ್ರಾಣಿಗೊಂದು ಕೋವಿ!

ನಮ್ಮ ರೈತನಿಗೆ ಇದ್ದಿದ್ದು ಮನೆಗೊಂದು ಕೋವಿ, ಅದೂ ಇದ್ರೆ. ಮೊಲ, ಕಾಡುಕೋಳಿಗೆ ಚರೆ. ಗದ್ದೆಗೆ ನುಗ್ಗೋ ಹಂದಿಗೆ ಗುಂಡು. ಎರಡೂ ಒಂದೇ ನಳಿಗೆಯಿಂದ ಹೋಗ್ಬೇಕು ಅಂದ್ರೆ ಒಳಗೆ ನುಣುಪಾಗಿರ್ಬೇಕು.

ರೈಫಲ್‌ನ ನಳಿಗೆಯೊಳಗೆ ಸುರುಳಿ ಸುರುಳಿಯಾಗಿ ಗೀರುಗಳಿರ್ತವೆ. ಅವು ಗುಂಡನ್ನ ಬುಗುರಿ ಥರ ತಿರುಗಿಸ್ತವೆ, ಅದಕ್ಕೇ ಅದು ನೇರ ಹೋಗುತ್ತೆ. ಆದ್ರೆ ಚರೆ ಹಾಕಿದ್ರೆ ಅದೇ ತಿರುಗು ಚರೆಯನ್ನೆಲ್ಲ ಸುತ್ತ ಚೆಲ್ಲಾಡಿಬಿಡುತ್ತೆ. ಬಾಯಿಂದ ಬಿಗಿಯಾದ ಗುಂಡು ಜಡಿಯೋಕೂ ಹೊತ್ತು ಹಿಡಿಯುತ್ತೆ. ಹಾಗಾಗಿ ಗೀರಿಲ್ಲದ ಕೋವಿ ಬುದ್ಧಿವಂತರ ಆಯ್ಕೆನೇ. ಅದಕ್ಕೆ ತೆರೋ ಬೆಲೆ ದೂರ. ಪ್ರಾಣಿಯ ತೀರಾ ಹತ್ತಿರ ಹೋಗ್ಬೇಕು.

5/7
ಆದ್ರೆ ಆಯ್ಕೆ ಪೂರ್ತಿ ಅವರದ್ದೇ ಆಗಿರಲಿಲ್ಲ.

1857 ಅಂದ ತಕ್ಷಣ ಹಸು-ಹಂದಿ ಕೊಬ್ಬು ಸವರಿದ ತೋಟಾ ನೆನಪಾಗುತ್ತೆ, ಅಲ್ವಾ? ಅದು 1853ರ ಎನ್‌ಫೀಲ್ಡ್ ರೈಫಲ್‌ನದು. ಅದೂ ಬಾಯಿಂದ ತುಂಬೋದೇ! ಆದ್ರೆ ಒಳಗೆ ಗೀರು ಇತ್ತು. ದಂಗೆ ಆದ್ಮೇಲೆ ಬ್ರಿಟಿಷರು ಭಾರತೀಯ ಸಿಪಾಯಿಗಳಿಗೆ ಅಂತಲೇ ಬೇರೆ ಕೋವಿ ಮಾಡಿಸಿದ್ರು. ಹೊರಗಿಂದ ನೋಡಿದ್ರೆ ಥೇಟ್ ಎನ್‌ಫೀಲ್ಡ್, ಒಳಗೆ ಗೀರೇ ಇಲ್ಲ. ದೂರದ ಗುರಿ ಇವರಿಗೆ ಬೇಡ ಅನ್ನೋ ಲೆಕ್ಕ.

ಇನ್ನು ಊರವರ ಪಾಡು? ಹತ್ತನೇ ಕ್ಲಾಸಲ್ಲಿ ಓದಿದ ಹಲಗಲಿ ಬೇಡರ ಲಾವಣಿ ನೆನಪಿಸಿಕೊಳ್ಳಿ. ಬೇಟೆ ಅವರ ಬದುಕು. 1857ರ ನಿಶ್ಶಸ್ತ್ರೀಕರಣ ಕಾಯ್ದೆ ಬಂದು ಆಯುಧ ಒಪ್ಪಿಸಿ ಅಂದಾಗ ಜಡಗ, ಬಾಲ ಮತ್ತವರ ಜೊತೆಯವರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ಸೈನ್ಯ ಬಂತು, ಊರು ಸುಟ್ಟಿತು, ಸೆರೆ ಸಿಕ್ಕವರಲ್ಲಿ ಹಲವರು ಗಲ್ಲಿಗೇರಿದ್ರು. ಪರೀಕ್ಷೆಗೆ ನಾಲ್ಕು ಅಂಕಕ್ಕೆ ಬರ್ದಿದ್ವಲ್ಲ, ಅದರ ಹಿಂದೆ ಇದ್ದ ಪ್ರಶ್ನೆ ಇಷ್ಟೇ: ನಮ್ಮ ಮನೆ ಕೋವಿ ಯಾರದ್ದು?

6/7
ಅದೇ ಪ್ರಶ್ನೆಗೆ ಕೊಡಗಿನಲ್ಲಿ ಬೇರೆ ಉತ್ತರ ಸಿಕ್ತು. 1861ರಲ್ಲಿ ಮಾರ್ಕ್ ಕಬ್ಬನ್ (ಹೌದು, ಕಬ್ಬನ್ ಪಾರ್ಕಿನ ಕಬ್ಬನ್) ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ರು. ಹಲಗಲಿ ನಡೆದು ನಾಲ್ಕು ವರ್ಷ ಕೂಡ ಆಗಿರಲಿಲ್ಲ. ಒಂದೇ ಸಾಮ್ರಾಜ್ಯ, ಒಂದು ಕಡೆ ಗಲ್ಲು, ಇನ್ನೊಂದು ಕಡೆ ಗೌರವ. ನಂಬಿಕಸ್ಥರು ಯಾರು ಅಂತ ತೀರ್ಮಾನಿಸಿದ್ದು ಅವರೇ.

ಆ ವಿನಾಯಿತಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇವತ್ತಿಗೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸಿತು. ಕೈಲ್ ಪೊಳ್ದ್ ದಿನ ಮನೆಯ ಕೋವಿ ತೊಳೆದು, ತೋಕ್ ಪೂ ಇಟ್ಟು ಪೂಜೆ ಮಾಡ್ತಾರೆ. ತೋಕ್ ಅಂದ್ರೆ ಕೊಡವ ಭಾಷೆಯಲ್ಲಿ ಕೋವಿ, ಪೂ ಅಂದ್ರೆ ಹೂ. ಆಮೇಲೆ ಗುರಿ ಇಡೋದು ತೆಂಗಿನಕಾಯಿಗೆ.

7/7
ಈಗ ಜಾಲಹಳ್ಳಿಗೆ ವಾಪಸ್ ಬರೋಣ. ನರಭಕ್ಷಕ ಆಗೋಕೆ ಹಳೇ ಗಾಯ ಒಂದು ಕಾರಣ ಅಂತ ಆಂಡರ್ಸನ್ ಮತ್ತೆ ಮತ್ತೆ ಬರೀತಾರೆ. ಎಷ್ಟೋ ಸಲ ಆ ಗಾಯ ಹಳ್ಳಿ ಕೋವಿಯದ್ದು. ಮೊಲಕ್ಕೆ ಅಂತ ತುಂಬಿದ ಚರೆ ಕತ್ತಲಲ್ಲಿ ಚಿರತೆಗೆ ಬಿದ್ರೆ ಅದು ಸಾಯಲ್ಲ, ಕುಂಟಾಗುತ್ತೆ. ಬೇಟೆಯಾಡೋಕೆ ಆಗದೆ ಊರಿಗೆ ಬರುತ್ತೆ.

ತಪ್ಪು ಟ್ರಿಗರ್ ಎಳೆದವನದ್ದು ಅಂತ ಸುಲಭವಾಗಿ ಹೇಳ್ಬಹುದು. ಆದ್ರೆ ಆ ರೈತನಿಗೆ .405 ಕೊಳ್ಳೋ ದುಡ್ಡೂ ಇರಲಿಲ್ಲ, ಲೈಸೆನ್ಸೂ ಸಿಗ್ತಿರಲಿಲ್ಲ. ಬೆಳೆ ಮಾತ್ರ ಅವನದ್ದೇ. ಗಾಯ ಮಾಡೋ ಕೋವಿ ಒಬ್ಬನಿಗೆ, ಗಾಯಗೊಂಡದ್ದನ್ನ ಕೊಂದು ಹೆಸರು ಮಾಡೋ ರೈಫಲ್ ಇನ್ನೊಬ್ಬನಿಗೆ.

1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಬೇಟೆಯ ಕೋವಿ ಆರಿಸೋ ಪ್ರಶ್ನೆಯೇ ನಮ್ಮಲ್ಲಿಲ್ಲ. ಅದು ಹಾಗೇ ಇರ್ಲಿ. ಆದ್ರೆ 2023ರ ನವೆಂಬರ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿ ದಾರಿಯ ಕೂಡ್ಲು ಗೇಟ್ ಹತ್ತಿರ ಚಿರತೆ ಬಂದಿದ್ದು ನೆನಪಿದೆಯಾ? ಹಿಡಿಯೋಕೆ ಹೋದಾಗ ಮೇಲೆರಗಿತು, ಗುಂಡು ಹಾರಿಸಿದ್ರು, ಸತ್ತುಹೋಯ್ತು. ಕೋವಿ ಹೊಸದು. ಹೆದರಿದ ಮನುಷ್ಯ, ಹೆದರಿದ ಪ್ರಾಣಿ, ನಡುವೆ ನಾಲ್ಕು ಹೆಜ್ಜೆ: ಅದು ಮಾತ್ರ ಹಳೇದೇ.

ನಿಮ್ಮ ಅಜ್ಜ-ಅಜ್ಜಿ ಊರಲ್ಲಿ ಇಂಥ ಕೋವಿ ಇತ್ತಾ? ಅದನ್ನ ಏನಂತ ಕರೀತಿದ್ರು? ಕೇಳಿ ಬಂದು ಕೆಳಗೆ ಬರೀರಿ. 🙏

#ಕನ್ನಡ #ಇತಿಹಾಸ #ಕೋವಿ #ಜಾಲಹಳ್ಳಿ #ಪೀಣ್ಯ #ಹಲಗಲಿ #ಕೊಡಗು