ಘಟ್ಟದ ಮೇಲಿನ ಧ್ಯಾನಕೂಟ

ಕಾಫಿಯ ನಾಡಿನಲ್ಲಿ ಕೊಯ್ಲಿನ ಕಾಲ ಬಂದಿತೆಂದರೆ ಯಾರಿಗೂ ಪುರಸೊತ್ತಿಲ್ಲ. ನವೆಂಬರಿನಲ್ಲಿ ಅರೇಬಿಕಾ ಕೆಂಪೇರುತ್ತದೆ. ರೊಬಸ್ಟಾ ಫೆಬ್ರವರಿಯವರೆಗೂ ಆಳನ್ನು ಬಿಡದು, ರೈಟರನ್ನೂ ಬಿಡದು. ಕ್ರಿಸ್‌ಮಸ್ ಹಬ್ಬವೂ ಈ ಗಡಿಬಿಡಿಯ ನಡುವೆಯೇ ಬಂದು ಹೋಗುತ್ತದೆ. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಹಾಗಲ್ಲ. ಕಣ ಬರಿದಾಗಿ, ಜನ ಹೂಮಳೆಗಾಗಿ ಮುಗಿಲು ನೋಡುವ ಹೊತ್ತಿಗೆ ಅದು ಬರುತ್ತದೆ. ಮೂಡಿಗೆರೆ, ಬಣಕಲ್, ಕಳಸದ ಕಡೆಯ ಇಗರ್ಜಿಗಳಲ್ಲಿ ಧ್ಯಾನಕೂಟ ನಡೆಸಲು ಇದಕ್ಕಿಂತ ಅನುಕೂಲವಾದ ಕಾಲ ಬೇರೊಂದಿಲ್ಲ.

ಧ್ಯಾನಕೂಟವೆಂದರೇನೆಂದು ಕೆಲವು ವಾಚಕರು ಕೇಳಬಹುದು. ಕೊಂಕಣಿಯವರು ಇದನ್ನು ‘ರೆತಿರ್’ ಎನ್ನುತ್ತಾರೆ. ನಿತ್ಯದ ಕೆಲಸ ಬಿಟ್ಟು ಕೆಲವು ದಿನ ಪ್ರವಚನ ಕೇಳುವುದು, ಮೌನದಲ್ಲಿ ಮನನ ಮಾಡುವುದು, ಪಾಪನಿವೇದನೆ ಮಾಡಿ ಮನೆಗೆ ಮರಳುವುದು. ಇದಕ್ಕೊಂದು ಕ್ರಮವನ್ನು ಕಟ್ಟಿಕೊಟ್ಟವನು ಸ್ಪೇನಿನ ಇಗ್ನೇಷಿಯಸ್ ಲೊಯೋಲ. 1521ರ ಯುದ್ಧದಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ಸಿಪಾಯಿ ಆತ. ಅವನ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಗ್ರಂಥ 1548ರಲ್ಲಿ ಅಚ್ಚಾಯಿತು. ಭಕ್ತನು ಓದಲೆಂದು ಬರೆದ ಪುಸ್ತಕವಲ್ಲ ಅದು. ಸಾಧನೆ ಮಾಡಿಸುವವನ ಕೈಪಿಡಿ. ಪೂರ್ಣ ಸಾಧನೆಗೆ ಸುಮಾರು ಮೂವತ್ತು ದಿನ ಬೇಕು. ಆದರೆ ಎಲ್ಲರಿಗೂ ಒಂದೇ ಅಳತೆ ಸಲ್ಲದು, ಎದುರಿಗಿರುವವನ ವಯಸ್ಸು, ವಿದ್ಯೆ, ಶಕ್ತಿ ನೋಡಿ ಹೇಳಬೇಕು, ಹೇಳುವವನು ಮಿತವಾಗಿ ಹೇಳಬೇಕು ಎಂದು ಆತ ಮೊದಲಲ್ಲೇ ಎಚ್ಚರಿಸಿದ್ದಾನೆ. ನಮ್ಮಂಥ ಮೇಷ್ಟರುಗಳೂ ಈ ಮಾತನ್ನು ನೆನಪಿನಲ್ಲಿಡಬಹುದು.

ಎದುರಿಗಿರುವವನು ಯಾರು? ಮಲೆನಾಡಿನಲ್ಲಿ ಈ ಪ್ರಶ್ನೆ ಸುಲಭದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ತೋಟಗಳು ಬೆಳೆದಂತೆ ಚಾರ್ಮಾಡಿ ಹತ್ತಿ ದಕ್ಷಿಣ ಕನ್ನಡದ ಜನ ಬಂದರು. ಅವರಲ್ಲಿ ಕೊಂಕಣಿ ಮಾತಿನ ಕ್ಯಾಥೊಲಿಕರು ಅನೇಕರಿದ್ದರು. ರೈಟರುಗಳಾದರು, ಕೆಲವರು ತೋಟದ ಒಡೆಯರೂ ಆದರು. ತಮಿಳು ಸೀಮೆಯ ಆಳುಗಳು ಬಂದು ಲೈನುಗಳಲ್ಲಿ ಬಿಡಾರ ಹೂಡಿದರು. ತುಳು ಮಾತನಾಡುವವರೂ ಬಂದರು. ಸ್ಥಳೀಯರದು ಕನ್ನಡ. ಇನ್ನು ಆಡಳಿತ ನೋಡಿದರೆ, ಭಕ್ತರ ತೌರು ಮಂಗಳೂರಾದರೂ ಘಟ್ಟದ ಮೇಲಣ ಸೀಮೆ ಮೈಸೂರು ಮಿಷನ್ನಿಗೆ ಸೇರಿತ್ತು. ಮಂಗಳೂರಿಗೆ 1878ರ ಕೊನೆಯ ದಿನ ಇಟಲಿಯ ಜೆಸ್ವಿಟರು ಬಂದಿಳಿದರೆ, ಮೈಸೂರು ಮಿಷನ್ನನ್ನು ನಡೆಸುತ್ತಿದ್ದವರು ಪ್ಯಾರಿಸ್ಸಿನ ಸಂಸ್ಥೆಯ ಪಾದ್ರಿಗಳು.

ಪೂಜೆಯ ಮಟ್ಟಿಗೆ ಇದರಿಂದ ತೊಡಕೇನೂ ಇರಲಿಲ್ಲ. ಪೂಜೆ ಲ್ಯಾಟಿನಿನಲ್ಲಿ, ಲ್ಯಾಟಿನು ಒಡೆಯನಿಗೂ ತಿಳಿಯದು, ಆಳಿಗೂ ತಿಳಿಯದು. ತಿಳಿಯದಿರುವುದರಲ್ಲಿ ಒಂದು ಬಗೆಯ ಸಮಾನತೆ ಇತ್ತೆನ್ನಬೇಕು. ಆದರೆ ಧ್ಯಾನಕೂಟವೆಂದರೆ ಮಾತು. ಪ್ರವಚನಕಾರನು ಬಾಯಿ ತೆರೆದೊಡನೆ ಒಂದು ಭಾಷೆಯನ್ನು ಆರಿಸಿದಂತೆಯೇ. ಆ ಭಾಷೆ ಬಾರದವನು ಇಗರ್ಜಿಯೊಳಗೆ ಕುಳಿತೂ ಹೊರಗಿನವನಾದನು. ಪಾಪನಿವೇದನೆಯಲ್ಲಂತೂ ದುಭಾಷಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಲು ಯಾರಿಗೆ ಮನಸ್ಸು ಬಂದೀತು? ತನ್ನ ತಪ್ಪನ್ನು ತನ್ನ ಮಾತಿನಲ್ಲಿ ಹೇಳಿಕೊಳ್ಳಲಾರದವನ ಕಷ್ಟ ಸಣ್ಣದಲ್ಲ.

1963ರ ನವೆಂಬರ್ 16ರಂದು ಮೈಸೂರಿನಿಂದ ಬೇರ್ಪಟ್ಟು ಚಿಕ್ಕಮಗಳೂರು ಧರ್ಮಕ್ಷೇತ್ರವಾಯಿತು. ಅಲ್ಫೋನ್ಸಸ್ ಮತಾಯಸ್ ಅವರು ಮೊದಲ ಬಿಷಪರು. ಇದಾದ ಹದಿನೆಂಟನೆಯ ದಿನ, ಡಿಸೆಂಬರ್ 4ರಂದು, ರೋಮಿನ ಎರಡನೆಯ ವ್ಯಾಟಿಕನ್ ಮಹಾಸಭೆಯ ಪೂಜಾವಿಧಿಯ ಶಾಸನ ಹೊರಬಿದ್ದಿತು. ದೇಶಭಾಷೆಗಳಲ್ಲಿ ಪೂಜೆ ನಡೆಸಲು ದಾರಿ ತೆರೆಯಿತು. ಅದುವರೆಗೆ ಧ್ಯಾನಕೂಟಕ್ಕಷ್ಟೇ ಇದ್ದ ಪ್ರಶ್ನೆ ಈಗ ಪೂಜಾಪೀಠವನ್ನೇ ಏರಿ ಕುಳಿತಿತು: ಯಾವ ದೇಶಭಾಷೆ? ಮುಂದೆ ಬೆಂಗಳೂರಿನ ಇಗರ್ಜಿಗಳಲ್ಲಿ ಈ ಪ್ರಶ್ನೆ ಎಷ್ಟು ಕಹಿಯಾಯಿತೆಂಬುದನ್ನು ವಾಚಕರು ಬಲ್ಲರು. 1986ರಲ್ಲಿ ಅಲ್ಲಿಗೆ ಆರ್ಚ್‌ಬಿಷಪರಾಗಿ ಹೋದವರು ಇದೇ ಮತಾಯಸ್ ಅವರು. ಮಲೆನಾಡಿಗೆ ಒಂದು ಅನುಕೂಲವಿತ್ತು. ಮಂಗಳೂರಿನವರ ಕೊಂಕಣಿಗೆ ಲಿಪಿ ಕನ್ನಡ. 1938ರಲ್ಲಿ ಹುಟ್ಟಿದ ‘ರಾಕ್ಣೊ’ ವಾರಪತ್ರಿಕೆ ಕನ್ನಡ ಅಕ್ಷರದಲ್ಲೇ ಬರುತ್ತಿತ್ತು. ಪ್ರಾರ್ಥನೆ ಕೊಂಕಣಿಯದಾದರೂ ಕಣ್ಣಿಗೆ ಕಾಣುವುದು ಕನ್ನಡವೇ.

ಬೋಧಿಸುವವರಿಗೂ ಬೋಧನೆ ಬೇಕಲ್ಲವೆ? 1967ರಲ್ಲಿ ಡಿ. ಎಸ್. ಅಮಲೋರ್‌ಪವದಾಸರು ಬೆಂಗಳೂರಿನಲ್ಲಿ ಕಟ್ಟಿದ ರಾಷ್ಟ್ರೀಯ ಕೇಂದ್ರ ಈ ಕೆಲಸಕ್ಕೆ ಕೈಹಾಕಿತು; ಪಾದ್ರಿಗಳು, ಕನ್ಯಾಸ್ತ್ರೀಯರು, ಉಪದೇಶಿಗಳು ಅಲ್ಲಿನ ಕಮ್ಮಟಗಳಲ್ಲಿ ಕಲಿತರು. ಚಪ್ಪಲಿ ಹೊರಗೆ ಬಿಡುವುದು, ನೆಲದ ಮೇಲೆ ಕೂಡುವುದು, ಆರತಿ ಎತ್ತುವುದು ಮೊದಲಾದ ಹನ್ನೆರಡು ಮಾರ್ಪಾಡುಗಳಿಗೆ 1969ರಲ್ಲಿ ಒಪ್ಪಿಗೆ ದೊರೆಯಿತು. ಮುಂದೆ ಅವರು ಮೈಸೂರಿನಲ್ಲಿ ಅಂಜಲಿ ಆಶ್ರಮವನ್ನು ಸ್ಥಾಪಿಸಿದರು. ಆರತಿ, ನಮಸ್ಕಾರಗಳನ್ನು ಕಂಡು ಇದು ಹಿಂದೂ ಅನುಕರಣೆಯೆಂದು ಸಿಟ್ಟಾದ ಕ್ರೈಸ್ತರೂ ಇದ್ದರು. ನನಗೆ ತೋರುವಂತೆ, ಹೊಲಿಸಿದ ಬಟ್ಟೆ ಮೈಗೆ ಹೊಂದುವವರೆಗೆ ಇಂಥ ಗೊಣಗಾಟ ಸಹಜ.

ಈಚಿನ ವರ್ಷಗಳಲ್ಲಿ ಲೈನುಗಳ ಜನವೇ ಬದಲಾಗಿದ್ದಾರೆ. ತಮಿಳು ಆಳುಗಳಿದ್ದ ಕಡೆ ಅಸ್ಸಾಮಿನಿಂದ, ಝಾರ್ಖಂಡಿನಿಂದ ಬಂದವರಿದ್ದಾರೆ. ಝಾರ್ಖಂಡಿನ ಬುಡಕಟ್ಟುಗಳಲ್ಲಿ ಕ್ರೈಸ್ತರು ಬಹಳ. ಅವರಲ್ಲಿ ಹಲವರ ಮಾತು ಸಾದ್ರಿ. ಕೊಯ್ಲು ಮುಗಿದ ಮೇಲೂ ತಪಸ್ಸುಕಾಲದವರೆಗೆ ಅವರಲ್ಲಿ ಯಾರಾದರೂ ಘಟ್ಟದ ಮೇಲೆ ಉಳಿದುಕೊಂಡರೆ, ಅವರ ಪಾಪನಿವೇದನೆಯನ್ನು ಕೇಳುವ ಪಾದ್ರಿ ಮತ್ತೊಮ್ಮೆ ಅ ಆ ಇ ಈಯಿಂದ ತೊಡಗಬೇಕು.