ವೈಮಾನಿಕ ಚಿತ್ರಗಳ ಸ್ಥಾನನಿಖರತೆ: ಒಂದು ಚಾರಿತ್ರಿಕ ಟಿಪ್ಪಣಿ

ಠಾಣೆಯ ಮಾಜಿವಾಡಾದಲ್ಲಿ ಘೋಡಬಂದರ್ ರಸ್ತೆಯು ಪೂರ್ವ ದ್ರುತಗತಿ ಹೆದ್ದಾರಿಯನ್ನು ಕೂಡುತ್ತದೆ. ಹಳೆಯ ಊರಿನ ಮನೆಗಳ ಮಗ್ಗುಲಲ್ಲಿಯೇ ಬಹುಮಹಡಿ ಕಟ್ಟಡಗಳು ಎದ್ದಿರುವ ಇಂತಹ ಸ್ಥಳದ ವೈಮಾನಿಕ ಚಿತ್ರದಲ್ಲಿ ಎತ್ತರದ ಕಟ್ಟಡದ ನೆತ್ತಿಯು ಬುಡದಿಂದ ಹೊರಕ್ಕೆ ವಾಲಿದಂತೆ ಕಾಣುತ್ತದೆ. ನೆತ್ತಿಯನ್ನು ಹಿಡಿದು ಅಳೆದರೆ ನೆರೆಯವನ ಗಡಿ ತಪ್ಪುತ್ತದೆ. ಚಿತ್ರದ ಸ್ಪಷ್ಟತೆ ಬೇರೆ, ಸ್ಥಾನದ ನಿಖರತೆ ಬೇರೆ. ಈ ಭೇದವನ್ನು ಕನ್ನಡ ನಾಡಿನ ಅಳತೆಯ ಇತಿಹಾಸದಿಂದ ವಿಶದಪಡಿಸಬಹುದೆಂದು ನಾವು ಭಾವಿಸುತ್ತೇವೆ.

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಬಳಿಕ ಮೈಸೂರು ಸೀಮೆಯಲ್ಲಿ ಎರಡು ಬಗೆಯ ಸರ್ವೇಕ್ಷಣೆಗಳು ಮೊದಲಾದವು. ಕಾಲಿನ್ ಮೆಕೆಂಜಿಯ ಕಾರ್ಯವು ಕೈಫಿಯತ್ತುಗಳ ಮೂಲಕ ನಮ್ಮ ಸಂಶೋಧಕರಿಗೆ ಚಿರಪರಿಚಿತ. ವಿಲಿಯಂ ಲ್ಯಾಂಬ್ಟನ್ನನ ಕಾರ್ಯವು ಅಷ್ಟು ಪರಿಚಿತವಲ್ಲ. ಅದರಿಂದ ಸಾಹಿತ್ಯಚರಿತ್ರೆಗೆ ಏನೂ ಒದಗಲಿಲ್ಲವೆಂಬುದೇ ಕಾರಣವಿರಬೇಕು. 1800ರಲ್ಲಿ ಆತನು ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದನು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಹತ್ತಿರ ಇನ್ನೊಂದನ್ನು ಅಳೆದು, ಅಲ್ಲಿಂದ ತ್ರಿಕೋನಗಳನ್ನು ಹೆಣೆಯುತ್ತ ಪಶ್ಚಿಮಕ್ಕೆ ಬಂದನು. ಲೆಕ್ಕವನ್ನು ನಂಬಿ ಕೂರದೆ 1804ರಲ್ಲಿ ಬೆಂಗಳೂರಿನ ಬಳಿ ಮತ್ತೆ ನೆಲದ ಮೇಲೆ ಸರಪಳಿ ಹಾಸಿ ತಾಳೆ ನೋಡಿದನು. ಏಳು ಮೈಲಿಗಳಿಗೂ ಮಿಕ್ಕ ಉದ್ದದಲ್ಲಿ ಕಂಡ ಅಂತರ 3.7 ಅಂಗುಲ. ತ್ರಿಕೋನಮಾಲೆಯು ಮಂಗಳೂರನ್ನು ಮುಟ್ಟಿದಾಗ, ಹಿಂದಿನ ನಕ್ಷೆಗಳು ಸುಮಾರು 400 ಮೈಲಿಯೆಂದು ತೋರಿಸಿದ್ದ ಪರ್ಯಾಯದ್ವೀಪದ ಅಗಲವು 360 ಮೈಲಿಯೆಂದು ತಿಳಿಯಿತು. ಉಳಿದ ನಲವತ್ತು ಮೈಲಿಗಳ ನೆಲವು ಕಾಗದದ ಮೇಲೆ ಮಾತ್ರ ಇದ್ದಿತು!

ಡ್ರೋನಿನ ಕಾಲದಲ್ಲಿಯೂ ವಿಧಾನದ ತಿರುಳು ಅದೇ. ಸಾಮಾನ್ಯ ಜಿಪಿಎಸ್ ಉಪಕರಣವು ಕ್ಯಾಮೆರಾದ ಸ್ಥಾನವನ್ನು ಕೆಲವು ಮೀಟರುಗಳ ಅನಿಶ್ಚಿತತೆಯೊಡನೆ ದಾಖಲಿಸುತ್ತದೆ. ಸ್ಥಾನವು ಮೊದಲೇ ಗೊತ್ತಿರುವ ನೆಲದ ಕೇಂದ್ರವೊಂದು ಅದೇ ಉಪಗ್ರಹಗಳ ಸಂಕೇತಗಳನ್ನು ಪಡೆದು ದೋಷವನ್ನು ತಿಳಿಸಿಕೊಟ್ಟರೆ ಅದು ಸೆಂಟಿಮೀಟರುಗಳಿಗೆ ಇಳಿಯುತ್ತದೆ. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಭಾರತೀಯ ಸರ್ವೇಕ್ಷಣಾ ಇಲಾಖೆಯು ಇಂತಹ ಕೇಂದ್ರಗಳ ಜಾಲವನ್ನು ಬಳಸುತ್ತ ಬಂದಿದೆ. ಅದೇ ವರ್ಷದ ಅಕ್ಟೋಬರ್ 11ರಂದು ಆಸ್ತಿಪತ್ರಗಳ ವಿತರಣೆ ಆರಂಭವಾದಾಗ ಸೇರಿದ್ದ 763 ಗ್ರಾಮಗಳಲ್ಲಿ ಮಹಾರಾಷ್ಟ್ರದವು 100, ಕರ್ನಾಟಕದವು 2.

ಶಾಸನಗಳ ಕ್ಷೇತ್ರಕಾರ್ಯ ಮಾಡುವವರಿಗೆ ಇನ್ನೊಂದು ತೊಡಕುಂಟು. ಹಳೆಯ ಸರ್ವೇ ನಕ್ಷೆಗಳು ಎವರೆಸ್ಟನ ಹೆಸರಿನ ಭೂಮಾನವನ್ನು ಅನುಸರಿಸಿದವು. ಜಿಪಿಎಸ್ ಅನುಸರಿಸುವುದು ಡಬ್ಲ್ಯುಜಿಎಸ್ 84 ಎಂಬುದನ್ನು. ಆದುದರಿಂದ ಒಂದೇ ಗುಡಿಗೆ ಎರಡು ಅಕ್ಷಾಂಶ-ರೇಖಾಂಶಗಳು ದೊರೆಯುತ್ತವೆ. ಯಾವ ಮಾನವೆಂದು ನಮೂದಿಸದೆ ಹೋದರೆ ಮುಂದಿನ ಸಂಶೋಧಕರು ಶಾಸನದ ಕಲ್ಲನ್ನು ಪಕ್ಕದ ಹೊಲದಲ್ಲಿ ಅರಸಬೇಕಾದೀತು.

ನೆಲದ ಗುರುತುಗಳ ಪಾಡೂ ಚಿಂತಾಜನಕವೇ. ಬೆಂಗಳೂರಿನ ಕಣ್ಣೂರಿನಲ್ಲಿದ್ದ ತ್ರಿಕೋನಮಿತಿ ಸರ್ವೇಕ್ಷಣೆಯ ಹತ್ತೊಂಬತ್ತನೆಯ ಶತಮಾನದ ವೀಕ್ಷಣಾ ಗೋಪುರವು 2024ರ ಜುಲೈ ತಿಂಗಳಿನಲ್ಲಿ ನೆಲಸಮವಾಯಿತು.