ಸಾಲದ ಚರಿತ್ರೆ ಇಲ್ಲದವರು?

ನಮ್ಮ ಜನಕ್ಕೆ ಸಾಲದ ಚರಿತ್ರೆ ಇಲ್ಲವಂತೆ. ಇದು ಬ್ಯಾಂಕಿನ ಕಂಪ್ಯೂಟರು ಹೇಳುವ ಮಾತು. ಮೊದಲ ಸಲ ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದ ನಮ್ಮ ಹುಡುಗನ ಹೆಸರಿನ ಮುಂದೆ ಅದು 'ಮೈನಸ್ ಒಂದು' ಅಂತ ತೋರಿಸುತ್ತೆ. ಅಂದರೆ ಇವನು ಸಾಲ ತಗೊಂಡವನಲ್ಲ, ತೀರಿಸಿದವನೂ ಅಲ್ಲ, ನಂಬೋದು ಹೇಗೆ ಅಂತ. ಕೇರಿಯಲ್ಲಿ ಹುಟ್ಟಿದ ಯಾರಿಗಾದರೂ ಇದನ್ನು ಕೇಳಿದರೆ ನಗು ಬರಬೇಕು. ಸಾಲ ಬಿಟ್ಟು ಬೇರೆ ಯಾವ ಚರಿತ್ರೆ ನಮ್ಮ ಪಾಲಿಗೆ ಬಂದಿತ್ತು?

ಮದುವೆಗೋ, ಸಾವಿಗೋ, ಬರದ ವರ್ಷದ ಎರಡು ಪಲ್ಲ ರಾಗಿಗೋ ಒಡೆಯನ ಹತ್ತಿರ ತಂದ ಸಾಲಕ್ಕೆ ನಮ್ಮ ಹಿರೀಕರು ಮೈಯನ್ನೇ ಅಡ ಇಟ್ಟರು. ಅದರ ಹೆಸರು ಜೀತ. ಲೆಕ್ಕದ ಪುಸ್ತಕ ಒಡೆಯನದು, ಬರವಣಿಗೆ ಒಡೆಯನದು, ಹೆಬ್ಬೆಟ್ಟು ಮಾತ್ರ ನಮ್ಮದು. ಅಪ್ಪನ ಸಾಲಕ್ಕೆ ಮಗ ದನ ಕಾಯ್ದ, ಮಗನ ಸಾಲಕ್ಕೆ ಮೊಮ್ಮಗ. 'ತೀರಿತು' ಅನ್ನೋ ಪದ ಮಾತ್ರ ಆ ಪುಸ್ತಕಕ್ಕೆ ಬರಲೇ ಇಲ್ಲ. ಇಷ್ಟು ಕಂತು ಕಟ್ಟಿದವರು ಈ ದೇಶದಲ್ಲಿ ಬೇರೆ ಯಾರಿದ್ದಾರೆ ಗೆಳೆಯರೇ?

ಬ್ಯಾಂಕುಗಳು ಆಗ ಎಲ್ಲಿದ್ದವು? ಇದ್ದವು. 1905ರಲ್ಲೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಹಕಾರ ಸಂಘ ಹುಟ್ಟಿತ್ತು. 1906ರಲ್ಲಿ ಮಂಗಳೂರಿನಲ್ಲಿ ಮುಂದೆ ಕೆನರಾ ಬ್ಯಾಂಕ್ ಆದ ನಿಧಿ ಶುರುವಾಗಿತ್ತು. ಆದರೆ 1951-52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ನೋಡಿ: ಬೇಸಾಯಗಾರರು ತಂದ ನೂರು ರೂಪಾಯಿ ಸಾಲದಲ್ಲಿ ಬ್ಯಾಂಕುಗಳ ಪಾಲು ಒಂದು ರೂಪಾಯಿಯೂ ಇಲ್ಲ, ಸಹಕಾರ ಸಂಘಗಳದು ಮೂರು ರೂಪಾಯಿ ಚಿಲ್ಲರೆ. ಬಹುಪಾಲು ಸಾಹುಕಾರರದು. ಅದೂ ಬೇಸಾಯ ಇದ್ದವರ ಕಥೆ. ಅಂಗೈಯಗಲ ಭೂಮಿ ಇಲ್ಲದವರ ಪಾಡನ್ನು ನೀವೇ ಲೆಕ್ಕ ಹಾಕಿಕೊಳ್ಳಿ.

1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. 1975ರ ಸುಗ್ರೀವಾಜ್ಞೆ, 1976ರ ಕಾಯಿದೆ ಜೀತವನ್ನು ರದ್ದು ಮಾಡಿದವು. ಅದೇ 1976ರಲ್ಲಿ ದೇವರಾಜ ಅರಸು ಸರ್ಕಾರ ಋಣ ಪರಿಹಾರ ಕಾಯಿದೆ ತಂತು. (ತುರ್ತು ಪರಿಸ್ಥಿತಿಯ ಕತ್ತಲಲ್ಲೇ ಇವು ಬಂದದ್ದು ವಿಚಿತ್ರ; ಆ ಮಾತು ಇನ್ನೊಂದು ಸಲ.) ಒಡೆಯನ ಪುಸ್ತಕ ಕಾನೂನಿನ ಕಣ್ಣಲ್ಲಿ ಸತ್ತಿತು. ಅದರೊಳಗಿದ್ದ ನಮ್ಮ ದುಡಿಮೆಯ ಲೆಕ್ಕ ಮಾತ್ರ ಹೊಸ ಪುಸ್ತಕಕ್ಕೆ ಬರಲಿಲ್ಲ.

ಹೊಸ ಪುಸ್ತಕ ಬರೆದವರು ಬೇರೆ. 1980ರಲ್ಲಿ ಸೆಂಟ್ರಲ್ ಬ್ಯಾಂಕ್ ಕ್ರೆಡಿಟ್ ಕಾರ್ಡು ತಂತು. 2000ದಲ್ಲಿ ಸಿಬಿಲ್ ಸ್ಥಾಪನೆಯಾಯಿತು. 2005ರಲ್ಲಿ ಇಂಥ ಕಂಪನಿಗಳಿಗೊಂದು ಕಾಯಿದೆ. ಮನುಷ್ಯನ ನಂಬಿಕೆ ಈಗ 300ರಿಂದ 900ರೊಳಗಿನ ಒಂದು ಅಂಕಿ. ಅಂಗಡಿಯ ಉದ್ರಿಯನ್ನು ಬಟವಾಡೆ ದಿನವೇ ತೀರಿಸುವ ನಮ್ಮವ್ವಂದಿರು, ಚೀಟಿ ದುಡ್ಡನ್ನು ಒಂದು ತಿಂಗಳೂ ತಪ್ಪಿಸದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಈ ಅಂಕಿಯೊಳಗಿಲ್ಲ. ಸಾಲ ಸಿಗೋಕೆ ಚರಿತ್ರೆ ಬೇಕು, ಚರಿತ್ರೆಗೆ ಸಾಲ ಬೇಕು. ಬಾವಿಗಿಳಿಯಲು ಬಿಡದೆ ಕೊಡ ಯಾಕೆ ಖಾಲಿ ಅಂದ ಹಾಗೆ.

ಇದಕ್ಕೊಂದು ಕಿಂಡಿ ಉಂಟು. ಹತ್ತಿಪ್ಪತ್ತು ಸಾವಿರ ನಿಶ್ಚಿತ ಠೇವಣಿ ಇಟ್ಟರೆ ಕೆಲವು ಬ್ಯಾಂಕುಗಳು ಅದರ ಮೇಲೆ ಕಾರ್ಡು ಕೊಡುತ್ತವೆ. ಮತ್ತೆ ಅಡ, ಆದರೆ ಈ ಸಲ ಮೈಯಲ್ಲ, ನಮ್ಮದೇ ದುಡ್ಡು, ಅದಕ್ಕೆ ಬಡ್ಡಿಯೂ ಬರುತ್ತೆ. ಸ್ವಲ್ಪವೇ ಬಳಸಿ ಗಡುವಿನೊಳಗೆ ಪೂರ್ತಿ ಕಟ್ಟುತ್ತಾ ಹೋದರೆ ಸುಮಾರು ಆರು ತಿಂಗಳಿಗೆ ಅಂಕಿ ಹುಟ್ಟುತ್ತೆ. 'ಕನಿಷ್ಠ ಮೊತ್ತ ಕಟ್ಟಿ ಸಾಕು' ಅನ್ನುವ ಸಾಲಿನ ಹತ್ತಿರ ಮಾತ್ರ ಹುಷಾರು. ಉಳಿದ ಬಾಕಿಗೆ ಬಹಳಷ್ಟು ಕಾರ್ಡುಗಳು ಹಾಕುವ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು, ಮೂರೂವರೆ. ಊರ ಸಾಹುಕಾರನ ಬಾಯಲ್ಲಿ ನಾವು ಕೇಳಿ ಬೆಳೆದದ್ದೂ ಇದೇ ನೂರಕ್ಕೆ ಮೂರು. ಜತೆಗೆ ಆ ಬಡ್ಡಿಯ ಮೇಲೆ ಜಿಎಸ್‌ಟಿ ಬೇರೆ.

2017ರಿಂದ ಪ್ರತಿ ಕ್ರೆಡಿಟ್ ಮಾಹಿತಿ ಕಂಪನಿಯೂ ವರ್ಷಕ್ಕೊಮ್ಮೆ ನಮ್ಮ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ತರಿಸಿ ಓದಿ, ನಿಮ್ಮದಲ್ಲದ ಸಾಲ ಅದರಲ್ಲಿದ್ದರೆ ತಕರಾರು ಹಾಕಿ. ಹಿಂದೆ ಒಡೆಯನ ಪುಸ್ತಕ ಕೇಳಿದ್ದರೆ ಬೆನ್ನಿಗೆ ಬಾರುಕೋಲು ಬೀಳುತ್ತಿತ್ತು. ಕಾರ್ಡಿನ ಅರ್ಜಿ ತಿರಸ್ಕರಿಸಿದರೆ ನಿರ್ದಿಷ್ಟ ಕಾರಣವನ್ನು ಬರಹದಲ್ಲಿ ತಿಳಿಸಬೇಕೆಂದು ರಿಸರ್ವ್ ಬ್ಯಾಂಕು 2022ರ ನಿರ್ದೇಶನದಲ್ಲಿ ಹೇಳಿದೆ. ಕೌಂಟರಿನಲ್ಲಿ ಯಾರಾದರೂ ತಲೆ ಎತ್ತದೆ 'ನಿಮಗೆ ಆಗಲ್ಲ' ಅಂದರೆ, ಅಲ್ಲೇ ನಿಂತು ಕೇಳಿ: ಬರೆದು ಕೊಡಿ ಸ್ವಾಮಿ.